ಸಲ್ಲಿಸದೆ ಉಳಿದ ಹನ್ನೊಂದು ಪಾಠಗಳು

ಮಾರ್ಚ್ ೯, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಕ್ಕ,

ಲಕೋಟೆಯ ಮೇಲಿನ ಅಕ್ಷರ ನೋಡಿಯೇ ಇದು ಯಾರದೆಂದು ನಿನಗೆ ಗೊತ್ತಾಗಿರುತ್ತದೆ. ಗೊತ್ತಾದ ಮೇಲೂ ಒಡೆದಿದ್ದೀಯ ಎಂದರೆ ಅಷ್ಟಕ್ಕೇ ನನಗೆ ಜೀವ ಬಂದ ಹಾಗಾಯಿತು. ನಿನ್ನ ಮಂಡಿನೋವು ಹೇಗಿದೆ? ಮಗಳ ಮನೆ ಮೂರನೇ ಮಹಡಿಯಲ್ಲಿದೆ, ಲಿಫ್ಟ್ ಇಲ್ಲ ಎಂದು ಕೇಳಿದೆ. ದಿನಕ್ಕೆ ಒಂದೇ ಸಲ ಇಳಿದು ಹತ್ತುವ ಹಾಗೆ ಕೆಲಸಗಳನ್ನು ಹೊಂದಿಸಿಕೊ.

ಎರಡು ವರ್ಷ ತಡವಾಗಿ ಬರೆಯುತ್ತಿದ್ದೇನೆ. ಕೆಲಸ ಜಾಸ್ತಿ ಇತ್ತು ಎಂದು ಮೊದಲ ಹಾಳೆಯಲ್ಲಿ ಬರೆದಿದ್ದೆ. ಅದನ್ನು ಹರಿದುಹಾಕಿ ಇದನ್ನು ತೆಗೆದುಕೊಂಡೆ. ಕೆಲಸ ಯಾರಿಗಿರುವುದಿಲ್ಲ? ನಿನ್ನ ಮುಂದೆ ನಿಲ್ಲಲು ನನಗೆ ಮುಖ ಇರಲಿಲ್ಲ, ಅಷ್ಟೇ. ಫೋನ್ ಮಾಡಿ ನೋಡಿದೆ. ನೀನು ಫೋನನ್ನೇ ಮಗಳ ಕೈಗಿಟ್ಟು "ನಂಗಿದು ಬೇಡ" ಅಂದೆಯಂತೆ. ನಾನು ಕರೆ ಮಾಡಿದಾಗಲೆಲ್ಲ ಅವಳು "ಚಿಕ್ಕಮ್ಮ, ಅಮ್ಮ ಮಲಗಿದಾರೆ" ಅನ್ನುತ್ತಾಳೆ. ಬೆಳಗ್ಗೆ ಹತ್ತಕ್ಕೂ ಮಲಗಿರುತ್ತೀಯ, ಸಂಜೆ ಆರಕ್ಕೂ ಮಲಗಿರುತ್ತೀಯ. ಜ್ವರ ಬಂದರೂ ಹಗಲು ಮಲಗದವಳು ನೀನು. ಪಾಪ, ಆ ಹುಡುಗಿಗೆ ಸುಳ್ಳು ಹೇಳಲು ಬರುವುದಿಲ್ಲ. ಅವಳನ್ನು ಬೈಯಬೇಡ.

ಇಲ್ಲಿ ಇವರಿಗೆ ಎಡಗಣ್ಣಿನ ಶಸ್ತ್ರಚಿಕಿತ್ಸೆ ಆಯಿತು. ದಿನಕ್ಕೆ ನಾಲ್ಕು ಸಲ ಔಷಧಿ ಹಾಕಬೇಕು. ನಾನು ಹಾಕಿದರೆ ಕಣ್ಣು ಬಿಟ್ಟು ಉಳಿದೆಲ್ಲ ಕಡೆ ಬೀಳುತ್ತದೆ. "ನಿಮ್ಮಕ್ಕ ಇದ್ದಿದ್ರೆ ಒಂದೇ ಹನೀಲಿ ಮುಗಿಸಿರೋರು" ಎಂದು ಮೊನ್ನೆ ಅಂದರು. 

ಈಗ ಪತ್ರ ಬರೆಯಲು ಕಾರಣ ಹೇಳುತ್ತೇನೆ. ನಮ್ಮ ತರಬೇತಿ ಸಂಸ್ಥೆಯ ಆನ್‌ಲೈನ್ ಕಲಿಕೆಯ ತಾಣವನ್ನು ಈ ತಿಂಗಳ ಕೊನೆಗೆ ಮುಚ್ಚುತ್ತಾರೆ. ಅದರ ಜಾಗಕ್ಕೆ ಬೇರೊಂದು ಬರುತ್ತದಂತೆ. ಹಳೆಯದರಲ್ಲಿರುವ ಶಿಕ್ಷಕರ ಕಡತಗಳನ್ನೆಲ್ಲ ನೋಡಿ, ಬೇಕಾದದ್ದು ಇಟ್ಟುಕೊಂಡು ಉಳಿದದ್ದನ್ನು ಅಳಿಸಿ ಎಂದು ನಮಗೆ ಹಂಚಿದರು. ನನ್ನ ಪಾಲಿಗೆ ನನ್ನದೇ ಗುಂಪು ಬಂತು. ನೂರ ಎಂಬತ್ತು ಶಿಕ್ಷಕರಿದ್ದ, ನೀನೂ ಇದ್ದ ಗುಂಪು.

ಶಿಕ್ಷಕರನ್ನು ಕಂಪ್ಯೂಟರೇ ಗುಂಪುಗಳಿಗೆ ಹಂಚಿದಾಗ ನೀನು ನನ್ನ ಗುಂಪಿಗೇ ಬಂದದ್ದು ತಿಳಿದ ದಿನ ನೀನು ಶಾಲೆಯಲ್ಲಿ ಎಲ್ಲರಿಗೂ ಬಿಸ್ಕತ್ತು ಹಂಚಿದ್ದೆಯಂತೆ. "ಈ ಸಲ ನನ್ ತಂಗೀನೇ ನಂಗೆ ಟೀಚರ್ರು" ಅಂದೆಯಂತೆ. ನಿಮ್ಮ ಮುಖ್ಯೋಪಾಧ್ಯಾಯಿನಿ ಆಮೇಲೆ ಹೇಳಿದರು. ನಾನು ಆ ದಿನ ಮಾಡಿದ್ದೇನು ಗೊತ್ತೇ? ಗುಂಪಿನ ಸೂಚನೆಗಳ ಪಟ್ಟಿಗೆ ಏಳನೆಯದೊಂದನ್ನು ಸೇರಿಸಿದೆ: ತರಬೇತುದಾರರಿಗೆ ವೈಯಕ್ತಿಕ ಸಂದೇಶ ಕಳಿಸಬಾರದು.

ಇಪ್ಪತ್ತು ವಾರದ ತರಬೇತಿ. ವಾರಕ್ಕೊಂದು ಪ್ರಶ್ನೋತ್ತರ, ಒಂದು ಚರ್ಚೆ, ನೀವು ತರಗತಿಯಲ್ಲಿ ಮಾಡಿದ ಪಾಠದ ಐದು ನಿಮಿಷದ ಒಂದು ವಿಡಿಯೊ. ಸಲ್ಲಿಸಿದ ವಿಡಿಯೊ ಗುಂಪಿನವರಿಗೆಲ್ಲ ಕಾಣುತ್ತಿತ್ತು. ಮುಗಿಸಿದವರ ಹೆಸರು ಹಸಿರಲ್ಲಿ, ಮುಗಿಸದವರದು ಕೆಂಪಲ್ಲಿ, ದಿನಾ ಸಂಜೆ ಐದಕ್ಕೆ ವಾಟ್ಸಾಪ್ ಗುಂಪಿಗೆ ಹಾಕುತ್ತಿದ್ದೆ. ಸಂಸ್ಥೆಯ ಫೇಸ್‌ಬುಕ್ ಪುಟಕ್ಕೂ ಹೋಗುತ್ತಿತ್ತು. ಹಸಿರಿನವರಿಗೆ ಚಪ್ಪಾಳೆಯ ಚಿತ್ರ ಅಂಟಿಸುತ್ತಿದ್ದೆ. ಕೆಂಪಿನವರಿಗೆ ಏನೂ ಇಲ್ಲ. ಅದನ್ನು ಪ್ರೋತ್ಸಾಹ ಎಂದು ಕರೆಯುತ್ತಿದ್ದೆವು.

ಐದನೇ ವಾರದ ಆ ಸಂದೇಶ ನಿನಗೆ ನೆನಪಿರುತ್ತದೆ, ನನಗೂ ನೆನಪಿದೆ. ನನಗೊಬ್ಬಳಿಗೇ ಎಂದುಕೊಂಡು ನೀನು ಗುಂಪಿಗೇ ಹಾಕಿಬಿಟ್ಟಿದ್ದೆ: "ಮೊದ್ದೂ, ಈ ಸಬ್ಮಿಟ್ ಅನ್ನೋದು ಎಲ್ಲಿದೆ? ಹುಡುಕಿ ಹುಡುಕಿ ಸಾಕಾಯ್ತು ಕಣೆ." ನೂರ ಎಂಬತ್ತು ಜನ ಓದಿದರು. ನಕ್ಕ ಮುಖಗಳು ಸಾಲುಸಾಲಾಗಿ ಬಂದವು. "ಮೊದ್ದು ಯಾರು ಮೇಡಂ?" ಎಂದು ಒಬ್ಬ ಕೇಳಿದ. ನಾನು ನನ್ನ ಕುರ್ಚಿಯಲ್ಲಿ ಕೂತು ಬೆವರಿದೆ. ಐವತ್ತು ದಾಟಿದವಳನ್ನು ಮನೆಯ ಹೆಸರಿನಿಂದ ಕರೆದುಬಿಟ್ಟೆಯಲ್ಲ ಎಂದು ಸಿಟ್ಟು ಬಂತು. "ಗುಂಪಿನಲ್ಲಿ ವೈಯಕ್ತಿಕ ಸಂದೇಶ ಹಾಕಬೇಡಿ. ಸೂಚನೆ ಏಳನ್ನು ಓದಿಕೊಳ್ಳಿ" ಎಂದು ಉತ್ತರ ಹಾಕಿದೆ. ಹುಟ್ಟಿದಾಗಿನಿಂದ ನಾನು ನಿನ್ನನ್ನು ಬಹುವಚನದಲ್ಲಿ ಮಾತಾಡಿಸಿದ್ದು ಅದೊಂದೇ ಸಲ.

ಸಬ್ಮಿಟ್ ಗುಂಡಿ ಇತ್ತು, ಅಕ್ಕ. ನಿನ್ನದರಂಥ ಚಿಕ್ಕ ಫೋನಿನಲ್ಲಿ ಅದು ಪರದೆಯ ಕೆಳಗೆ ಮುಚ್ಚಿಹೋಗುತ್ತಿತ್ತು. ಫೋನನ್ನು ಅಡ್ಡ ಹಿಡಿದರೆ ಕಾಣುತ್ತಿತ್ತು. ಒಂದು ಸಾಲಿನ ಮಾತು. ಅಡ್ಡ ಹಿಡಿ.

ನಿನ್ನ ಸಂದೇಶದ ಚಿತ್ರ ತೆಗೆದು ಯಾರೋ ಹೊರಗೆ ಹಾಕಿದರು. ನಿನ್ನ ಫೋಟೊ ಮೇಲೆ, "ಸಬ್ಮಿಟ್ ಎಲ್ಲಿದೆ?" ಕೆಳಗೆ. ಊರೆಲ್ಲ ಸುತ್ತಿತು. ಶಾಲೆಯ ಗೇಟಿನ ಹತ್ತಿರ ಮಗುವನ್ನು ಬಿಡಲು ಬಂದ ಒಬ್ಬ ತಂದೆ "ಟೀಚರ್, ಸಬ್ಮಿಟ್ ಸಿಕ್ತಾ?" ಎಂದು ಕೇಳಿದನಂತೆ. ಅವನಿಗೆ ಓದು ಬರಹ ಕಲಿಸಿದವಳೂ ನೀನೇ. "ಇನ್ನೂ ಇಲ್ಲಪ್ಪ, ಸಿಕ್ರೆ ನಿಂಗೇ ಮೊದ್ಲು ಹೇಳ್ತೀನಿ" ಎಂದು ನಕ್ಕೆಯಂತೆ. ಹೀಗೆ ನಕ್ಕದ್ದನ್ನು ಕೇಳಿ ನಾನು ಸಮಾಧಾನ ಮಾಡಿಕೊಂಡೆ. ಅಕ್ಕನಿಗೆ ಬೇಸರವಾಗಿಲ್ಲ, ಅವಳದು ದೊಡ್ಡ ಮನಸ್ಸು ಎಂದುಕೊಂಡೆ. ನಿನ್ನ ದೊಡ್ಡ ಮನಸ್ಸು ನನಗೆ ಯಾವಾಗಲೂ ಅನುಕೂಲಕ್ಕೆ ಬಂದಿದೆ.

ಕೆಂಪಿನಲ್ಲಿ ಹನ್ನೆರಡು ವಾರ ಉಳಿದವರನ್ನು ಪಾಠದಿಂದ ತೆಗೆಯಬೇಕೆಂಬ ಆದೇಶ ಮೇಲಿನಿಂದ ಬಂತು. ನೂರ ಎಂಬತ್ತು ಜನರಲ್ಲಿ ಹಾಗೆ ಉಳಿದವಳು ನೀನೊಬ್ಬಳೇ. ಪಟ್ಟಿಗೆ ಸಹಿ ನನ್ನದು. ಮೂವತ್ತು ವರ್ಷ ಎರಡನೇ ತರಗತಿಗೆ ಪಾಠ ಮಾಡಿದವಳನ್ನು ಮೆಟ್ಟಿಲ ಕೆಳಗಿನ ಉಗ್ರಾಣದಲ್ಲಿ ಪಠ್ಯಪುಸ್ತಕ ಜೋಡಿಸಲು ಕೂರಿಸಿದರು. ಮಕ್ಕಳು ಬಿಡುವಿನಲ್ಲಿ ಬಂದು ಬಾಗಿಲ ಸಂದಿಯಿಂದ ಇಣುಕುತ್ತಿದ್ದರಂತೆ. ಎರಡು ತಿಂಗಳು ಕೂತೆ. ನಿವೃತ್ತಿಗೆ ಇನ್ನೂ ಮೂರು ವರ್ಷ ಇದ್ದಾಗ ಸಾಕು ಎಂದು ಬರೆದುಕೊಟ್ಟು ಹೊರಟೆ. ಬೀಳ್ಕೊಡುಗೆಗೆ ನನ್ನನ್ನು ಕರೆದಿದ್ದರು. ಮೀಟಿಂಗ್ ಇದೆ ಅಂದೆ.

ಕಳೆದ ಗುರುವಾರ ಕಡತಗಳನ್ನು ನೋಡುತ್ತ ನಿನ್ನ ಹೆಸರಿಗೆ ಬಂದೆ. ಸಲ್ಲಿಸಿದ ಪಾಠಗಳು: ಸೊನ್ನೆ. ಅದರ ಪಕ್ಕದ ಅಂಕಣದಲ್ಲಿ ಡ್ರಾಫ್ಟ್‌ಗಳು: ಹನ್ನೊಂದು. ನೀನು ಉಳಿಸಿಟ್ಟು, ಕಳಿಸಲಾಗದೆ ಬಿಟ್ಟವು. ಒಂದೊಂದನ್ನೇ ತೆರೆದೆ. ಅವತ್ತೇ ಅವನ್ನು ನೋಡಿದ್ದು ಎಂದು ತಿಳಿದುಕೊ.

ಮೊದಲನೆಯದರಲ್ಲಿ ನಿನ್ನ ಗಲ್ಲ ಮತ್ತು ಛಾವಣಿ ಮಾತ್ರ. ಎರಡನೆಯದರಲ್ಲಿ ಹಗ್ಗಕ್ಕೆ ಬಟ್ಟೆ ಕ್ಲಿಪ್ ಸಿಕ್ಕಿಸಿ ಕಳೆಯುವ ಲೆಕ್ಕ ಹೇಳಿಕೊಡುತ್ತಿದ್ದೀಯ. ಹತ್ತರ ಗೊಂಚಲು ಬಿಚ್ಚುವಾಗ ಮಕ್ಕಳೆಲ್ಲ ಮುಂದಕ್ಕೆ ಬಾಗುತ್ತಾರೆ. ನಾಲ್ಕನೆಯದನ್ನು ಮೂರು ಸಲ ನೋಡಿದೆ. ಮಾತೇ ಆಡದ ಒಂದು ಪುಟ್ಟ ಹುಡುಗಿಯನ್ನು ಎಬ್ಬಿಸಿ "ಎಷ್ಟು ಉಳೀತಮ್ಮ?" ಎಂದು ಕೇಳಿ ಸುಮ್ಮನೆ ನಿಂತೆ. ಗಡಿಯಾರ ಇಟ್ಟು ನೋಡಿದೆ, ನಲವತ್ತೊಂದು ಸೆಕೆಂಡು. ಹಿಂದಿನ ಸಾಲಿನವರು ಪಿಸುಗುಟ್ಟಿದರೆ ಬೆರಳೆತ್ತಿ ಸುಮ್ಮನಿರಿಸಿದೆ. ಅವಸರ ಮಾಡಲಿಲ್ಲ, ಸುಳಿವು ಕೊಡಲಿಲ್ಲ. ಕೊನೆಗೆ ಅವಳು "ಮೂರು" ಅಂದಳು. "ಹೌದಲ್ವಾ" ಎಂದು ನೀನು ಅವಳಿಂದಲೇ ಕಲಿತವಳ ಹಾಗೆ ಹೇಳಿದೆ. ಪ್ರಶ್ನೆ ಕೇಳಿದ ಮೇಲೆ ಮೂರು ಸೆಕೆಂಡು ಕಾಯಬೇಕು ಎಂದು ನಾನು ಸ್ಲೈಡು ತೋರಿಸಿ ಹೇಳಿಕೊಡುವವಳು, ಅಕ್ಕ.

ನನಗೆ ಪಾಠ ಮಾಡಲು ಬರಲಿಲ್ಲ. ಇದನ್ನು ನಾವಿಬ್ಬರೂ ಯಾವತ್ತೂ ಬಾಯಿಬಿಟ್ಟು ಆಡಿಲ್ಲ. ನನ್ನ ಮೊದಲ ವರ್ಷ, ಮೂರನೇ ತರಗತಿಯ ಗದ್ದಲ ಬೀದಿಗೆ ಕೇಳುತ್ತಿದ್ದ ದಿನಗಳಲ್ಲಿ, ನೀನು ರಜೆ ಹಾಕಿ ಬಂದು ಹಿಂದಿನ ಬೆಂಚಿನಲ್ಲಿ ಕೂತೆ. ಕಾಲು ಗಂಟೆ ನೋಡಿದೆ. ಆಮೇಲೆ ಎದ್ದು ಬಂದು ನನ್ನ ಕೈಯಿಂದ ಸೀಮೆಸುಣ್ಣ ತೆಗೆದುಕೊಂಡು "ಕೊಡು ಮೊದ್ದು, ಒಂದ್ನಿಮಿಷ" ಅಂದೆ. ನಲವತ್ತು ಮಕ್ಕಳು ತೆಪ್ಪಗಾದರು. ನೀನು ನನಗೆ ಸಹಾಯ ಮಾಡಲು ಬಂದಿದ್ದೆ. ನಾನು ಕಿಟಕಿಯ ಪಕ್ಕ ನಿಂತು ಖಾಲಿ ಕೈ ನೋಡಿಕೊಳ್ಳುತ್ತಿದ್ದೆ. ಮರುವರ್ಷವೇ ಅರ್ಜಿ ಹಾಕಿ ತರಬೇತಿ ಸಂಸ್ಥೆಗೆ ಬಂದೆ. ಅಲ್ಲಿ ಮಕ್ಕಳಿರಲಿಲ್ಲ. ಅಮ್ಮ ಹೊಲಿಗೆ ಯಂತ್ರದ ಮುಂದೆ ಕೂತು ಬಂದವರಿಗೆಲ್ಲ "ದೊಡ್ಡವಳು ಟೀಚರ್, ಚಿಕ್ಕೋಳು ಆಫೀಸಲ್ಲಿ ಏನೋ ಕೆಲ್ಸ" ಅನ್ನುತ್ತಿದ್ದಳು.

ನಾಲ್ಕನೇ ವಿಡಿಯೊವನ್ನು ನಮ್ಮ ನಿರ್ದೇಶಕರಿಗೆ ತೋರಿಸಿದೆ. ಕನ್ನಡಕ ತೆಗೆದು ಒರೆಸಿಕೊಂಡು "ಇವ್ರು ಯಾರ್ರೀ? ಎಲ್ಲಿದಾರೆ? ಹೊಸ ಕೋರ್ಸಿಗೆ ಮೊದಲ ಪಾಠ ಇದೇ ಆಗ್ಲಿ" ಅಂದರು. ಪಾಠದಿಂದ ತೆಗೆಯಲು ಅವರೂ ಸಹಿ ಹಾಕಿದ್ದ ಹೆಸರು ಎಂದು ಹೇಳಿದೆ. ಕನ್ನಡಕ ಮತ್ತೆ ಹಾಕಿಕೊಂಡು ಹೆಸರನ್ನು ಓದಿದರು. ನಿನ್ನನ್ನು ಕೇಳದೆ ಕೊಡುವುದಿಲ್ಲ ಎಂದೂ ಹೇಳಿದ್ದೇನೆ. ನೀನು ಬೇಡ ಅಂದರೆ ಬೇಡ. ಹನ್ನೊಂದನ್ನೂ ಪೆನ್‌ಡ್ರೈವಿಗೆ ಹಾಕಿ ಇದರ ಜೊತೆ ಇಟ್ಟಿದ್ದೇನೆ. ಅವು ನಿನ್ನವು.

ಶುಕ್ರವಾರ ಆ ಹಳೆಯ ಗುಂಪಿನಲ್ಲಿ ಕ್ಷಮೆ ಕೇಳಿ ಬರೆದೆ. ಗುಂಪು ಇನ್ನೂ ಇದೆ, ಈಗ ಬೆಳಗಿನ ಹೂವಿನ ಚಿತ್ರಗಳಿಗೆ ಮಾತ್ರ. ಅವರು ನನ್ನ ಅಕ್ಕ, ತಪ್ಪು ನನ್ನದು, ಗುಂಡಿ ಎಲ್ಲಿದೆ ಎಂದು ಹೇಳಿಕೊಡುವುದು ನನ್ನ ಕೆಲಸವಾಗಿತ್ತು ಎಂದು ಬರೆದೆ. ಮೂವರು ಕೈಮುಗಿದ ಚಿತ್ರ ಹಾಕಿದರು. ಒಬ್ಬಳು "ಯಾವ ಟೀಚರ್ ಮೇಡಂ?" ಎಂದು ಕೇಳಿದಳು. ನಿನ್ನ ಫೋಟೊದ ಕೆಳಗೆ ಅತಿ ಹೆಚ್ಚು ನಕ್ಕವಳು ಅವಳೇ. ಮರೆತಿದ್ದಾಳೆ. ನಿನ್ನನ್ನು ಬೀದಿಗೆ ತಂದದ್ದು ಅವರಿಗೆ ಒಂದು ಮಧ್ಯಾಹ್ನದ ಕೆಲಸ.

ಹನ್ನೊಂದನೆಯ ವಿಡಿಯೊದಲ್ಲಿ ಮಕ್ಕಳಿಲ್ಲ. ಶಾಲೆ ಬಿಟ್ಟ ಮೇಲಿನ ತರಗತಿ, ಬೆಂಚಿನ ಮೇಲೆ ಕೂತು ನೀನು ಫೋನಿಗೆ ಹೇಳುತ್ತೀಯ: "ಮೊದ್ದು, ಇದು ನಿಂಗೆ ತಲುಪುತ್ತೋ ಇಲ್ವೋ. ಗುಂಪಲ್ಲಿ ಹಂಗೆ ಕರೀಬಾರ್ದಿತ್ತು, ತಪ್ಪಾಯ್ತು. ನೀನು ಹೇಳಿದ್ದು ಸರೀನೇ. ಶನಿವಾರ ಮಧ್ಯಾಹ್ನ ನಾನೊಬ್ಳೇ ಇಲ್ಲಿರ್ತೀನಿ. ಬಂದು ಪಕ್ಕದಲ್ಲಿ ಕೂತು ಒಂದ್ಸಲ ತೋರ್ಸಿಬಿಡು. ನಂಗೆ ಇನ್ಯಾರನ್ನೂ ಕೇಳೋಕೆ ನಾಚ್ಕೆ." ಆಮೇಲೆ ಫೋನ್ ಆರಿಸಲು ಗೊತ್ತಾಗದೆ ಅದನ್ನೇ ನೋಡುತ್ತ ಕೂತಿದ್ದೀಯ.

ಇನ್ನು ಹೆಚ್ಚು ಬರೆಯಲಾರೆ. ಮೊಮ್ಮಗಳು ನಡೆಯಲು ಶುರುಮಾಡಿದಳಂತೆ. ಬಿದ್ದರೂ ಎದ್ದು ನಡೆಯುವ ಗಟ್ಟಿ ಕಾಲು ಅವಳಿಗಿರಲಿ. ನಿನ್ನ ಮಗಳಿಗೂ ಅಳಿಯನಿಗೂ ಒಳ್ಳೆಯದಾಗಲಿ. ನಿನಗೆ ಹರಸುವ ವಯಸ್ಸು ನನ್ನದಲ್ಲ, ಯೋಗ್ಯತೆಯೂ ಇಲ್ಲ. ಮಂಡಿ ನೋಯದೆ ಇರಲಿ. ಉತ್ತರ ಬರೆಯಲೇಬೇಕೆಂದು ಹಟವಿಲ್ಲ.

ನಿನ್ನ
ಮೊದ್ದು

ಇನ್ನೊಂದು ಮಾತು: ಲಕೋಟೆಗೆ ಅಂಟು ಹಚ್ಚಿ ಮತ್ತೆ ಬಿಡಿಸಿದ್ದೇನೆ. ಗುರುವಾರವೇ ಮೊದಲ ಸಲ ನೋಡಿದೆ ಎಂಬಂತೆ ಬರೆದದ್ದು ಸುಳ್ಳು. ಹತ್ತು ಪಾಠಗಳನ್ನು ಗುರುವಾರವೇ ನೋಡಿದ್ದು. ಆದರೆ ಯಾರಾದರೂ ಡ್ರಾಫ್ಟ್ ಉಳಿಸಿದರೆ ಆಗಲೇ ನನಗೆ ಸೂಚನೆ ಬರುತ್ತಿತ್ತು; ಮೊದಲ ಹತ್ತನ್ನು ಬೇಕೆಂದೇ ತೆರೆಯದೆ ಬಿಟ್ಟಿದ್ದೆ. ಹನ್ನೊಂದನೆಯದನ್ನು ನೀನು ಮಾಡಿದ ದಿನವೇ, ಎರಡು ವರ್ಷದ ಹಿಂದಿನ ಆ ಶುಕ್ರವಾರ ಸಂಜೆಯೇ ತೆರೆದು ಪೂರ್ತಿ ಕೇಳಿದೆ. ಶನಿವಾರ ನನಗೆ ರಜೆ. ಬಟ್ಟೆ ಬದಲಿಸಿ, ಚಪ್ಪಲಿ ಹಾಕಿಕೊಂಡು, ಬಸ್ ಸ್ಟಾಪಿನವರೆಗೂ ಬಂದೆ. ನಿನ್ನ ಶಾಲೆಯ ಕಡೆಯ ಬಸ್ಸು ಬಂತು, ಹೋಯಿತು. ತೋರಿಸಿಕೊಟ್ಟಿದ್ದರೆ ಒಂದೇ ಮಧ್ಯಾಹ್ನದಲ್ಲಿ ಹತ್ತೂ ಪಾಠ ಸಲ್ಲಿಕೆಯಾಗುತ್ತಿದ್ದವು, ನೂರ ಎಂಬತ್ತು ಜನ ಅವನ್ನು ನೋಡುತ್ತಿದ್ದರು. ನಾನು ಮನೆಗೆ ವಾಪಸಾಗಿ, ಐದು ಗಂಟೆಗೆ ಪಟ್ಟಿ ಹಾಕಿದೆ. ಆ ದಿನ ಕೆಂಪಿನಲ್ಲಿದ್ದದ್ದು ಒಂದೇ ಹೆಸರು. ಅದನ್ನು ನೋಡಿ ನನಗೆ ಖುಷಿಯಾಗಿತ್ತು, ಅಕ್ಕ.