ಹಳೇ ಸೀಸೆಯ ಹೂವು

ಮಾರ್ಚ್ ೪, ಭಾನುವಾರ

ನನ್ನ ದೊರೆಗೆ,

ಕಾಗದ ತಡವಾಯಿತು, ಹೊಟ್ಟೆಗೆ ಹಾಕಿಕೋ. ಬರೆಯಲು ಕೂತು ಎದ್ದು, ಕೂತು ಎದ್ದು ಎರಡು ವಾರ ಕಳೆದೆ. ಫೋನಿನಲ್ಲಾದರೆ ನಾವಿಬ್ಬರೂ ಒಟ್ಟಿಗೇ ಮಾತಾಡುತ್ತೇವೆ, ಕೇಳಿಸಿಕೊಳ್ಳುವವರು ಯಾರೂ ಇರುವುದಿಲ್ಲ. ಕಾಗದದಲ್ಲಿ ನೀನು ನಡುವೆ ಬಾಯಿ ಹಾಕುವ ಹಾಗಿಲ್ಲ.

ನಿನ್ನಮ್ಮ ಆರಾಮಾಗಿದ್ದಾರೆ. ಮೊಣಕಾಲು ಆಪರೇಷನ್ ಆದಮೇಲೆ ಕೋಲು ಹಿಡಿದು ಕಾರಿಡಾರಿನ ತುದಿಯವರೆಗೆ ಹೋಗಿ ಬರುತ್ತಾರೆ. ಮಗನ ಹತ್ತಿರ ಸ್ವಲ್ಪ ದಿನ ಇದ್ದು ಬನ್ನಿ ಅತ್ತೆ ಅಂದರೆ, "ಅವನ ಕೈಯಡುಗೆ ತಿನ್ನೋದಕ್ಕಿಂತ ಇಲ್ಲೇ ಕುಂಟ್ತೀನಿ ಬಿಡು" ಅಂದರು. ಬೇಜಾರು ಮಾಡಿಕೊಳ್ಳಬೇಡ, ನಿನ್ನ ಸಾರು ನಾನೂ ತಿಂದಿದ್ದೇನೆ.

ಈಗ ಕೆಲಸದ ವಿಷಯ. ಕೂತು ಓದು.

ನೀನು ಬಿಟ್ಟುಹೋದ ಲ್ಯಾಬ್ ಬೆಂಚಿನಲ್ಲೇ ನಾನು ಪಿಎಚ್‌ಡಿ ಮುಗಿಸಿ ಪೋಸ್ಟ್‌ಡಾಕ್ ಆಗಿ ಸೇರಿದಾಗ, ನಿನ್ನ ಕೆಲಸ ನಿಂತಲ್ಲಿಂದ ನನ್ನದು ಶುರು ಅಂತ ಎಷ್ಟು ಹಿಗ್ಗಿದ್ದೆ! ಹೂವೇ ಬಿಡದ ನಿನ್ನ ಗಿಡಗಳು ಸ್ವೆಟರ್ ಹೆಣೆಯುವ ಕಡ್ಡಿಯ ಹಾಗೆ ಬೋಳಾಗಿ ನಿಂತಿರುತ್ತವೆ. ತುದಿಗೆ ಆಕ್ಸಿನ್ ಹಾರ್ಮೋನು ಹಚ್ಚಿದರೆ ಮೊಗ್ಗು ಬರುತ್ತದೆ ಅನ್ನುವುದು ಎಲ್ಲರಿಗೂ ಗೊತ್ತಿದ್ದದ್ದೇ. ಆಕ್ಸಿನ್ ಬೇಡ, ಸೈಟೊಕೈನಿನ್ ಅನ್ನುವ ಇನ್ನೊಂದು ಹಾರ್ಮೋನು ಒಂದೇ ಸಾಕು ಅಂತ ತೋರಿಸಿದವನು ನೀನು. ಆ ಒಂದು ಪ್ರಬಂಧದಿಂದಲೇ ನಿನಗೆ ಈಗಿನ ಕೆಲಸ ಸಿಕ್ಕಿದ್ದು.

ಹೊಸ ಸೀಸೆಯಿಂದ ಸೈಟೊಕೈನಿನ್ ಹಚ್ಚಿದರೆ ನನ್ನ ಗಿಡಗಳಲ್ಲಿ ಹೂ ಬರಲಿಲ್ಲ. ನನ್ನ ಕೈಯೇ ಸರಿಯಿಲ್ಲ ಅಂದುಕೊಂಡೆ. ಮಣ್ಣು ಬದಲಾಯಿಸಿದೆ, ದೀಪ ಬದಲಾಯಿಸಿದೆ. ಕೊನೆಗೆ, ನೀನು ಬಳಸುತ್ತಿದ್ದ ಸೀಸೆಯನ್ನೇ ಫ್ರಿಜ್ಜಿನ ಮೂಲೆಯಿಂದ ತೆಗೆದು ಹಚ್ಚಿದೆ. ಮೊಗ್ಗು ಬಂತು! ಲ್ಯಾಬಿನಲ್ಲಿ ಒಬ್ಬಳೇ ಕುಣಿದೆ. ಆಮೇಲೆ ಕುಣಿತ ನಿಂತಿತು. ಹಳೇ ಸೀಸೆಯಲ್ಲಿ ಬರುವ ಹೂವು ಹೊಸ ಸೀಸೆಯಲ್ಲಿ ಯಾಕೆ ಬರುವುದಿಲ್ಲ?

ಗಾಜಿನ ಮನೆ ನೋಡಿಕೊಳ್ಳುವವರ ಕೈಯಲ್ಲಿ ಕುಂಡಗಳಿಗೆ ಗುರುತು ಹಾಕಿಸಿದೆ, ಯಾವುದಕ್ಕೆ ಯಾವ ಸೀಸೆ ಅಂತ ನನಗೇ ತಿಳಿಯದ ಹಾಗೆ. ಮತ್ತೆ ಅದೇ ಆಯಿತು. ಸೀಸೆಯಲ್ಲಿದ್ದದ್ದನ್ನು ಮೇಲಿನ ಮಹಡಿಯ ಕೆಮಿಸ್ಟ್ರಿಯವರಿಗೆ ಕೊಟ್ಟೆ. ಆ ಮನುಷ್ಯ ನಗುತ್ತಾ ಬಂದು, "ನಿಮ್ಮ ಸೀಸೆಯಲ್ಲಿ ಒಬ್ಬರಲ್ಲ ಮೇಡಂ, ಇಬ್ಬರು ಸಂಸಾರ ಮಾಡ್ತಿದ್ದಾರೆ" ಅಂದ. ಸೈಟೊಕೈನಿನ್ ಜೊತೆಗೆ ಆಕ್ಸಿನ್ ಬೆರೆತಿದೆ. ಯಾವಾಗ, ಹೇಗೆ ಬೆರೆಯಿತೋ ಗೊತ್ತಿಲ್ಲ. ನೀನು ಬೇಕೆಂದು ಮಾಡಿಲ್ಲ ಅನ್ನುವುದು ಮಾತ್ರ ನನಗೆ ಗೊತ್ತು, ಆಣೆ ಮಾಡಿ ಹೇಳಬಲ್ಲೆ. ಆದರೆ ನೀನು ಬರೆದದ್ದು ತಪ್ಪು.

ಅತ್ತೆಗೆ ಹೇಳಿಬಿಟ್ಟೆ. ಊಟ ಬಿಟ್ಟು ಕೂತರೆ ಅವರ ಕಣ್ಣು ತಪ್ಪಿಸಲಾಗುತ್ತದೆಯೇ? ಎಲ್ಲ ಕೇಳಿ, "ಗಂಡನ ತಪ್ಪು ಹುಡುಕೋಕೆ ಇಷ್ಟೆಲ್ಲಾ ಓದ್ಬೇಕಿತ್ತೇನೇ? ನಾನು ಓದದೇನೇ ದಿನಕ್ಕೆ ಹತ್ತು ಹುಡುಕ್ತಿದ್ದೆ" ಅಂದರು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆಮೇಲೆ ನನ್ನ ತಟ್ಟೆಗೆ ಅನ್ನ ಬಡಿಸುತ್ತಾ, "ಅವನಿಗೆ ನೀನೇ ಹೇಳು. ಊರವರ ಬಾಯಿಂದ ಕೇಳೋ ಹಾಗಾಗ್ಬಾರದು" ಅಂದರು.

ಅದಕ್ಕೇ ಮೊದಲು ನಿನಗೆ. ನಮ್ಮ ಲ್ಯಾಬಿನ ಮುಖ್ಯಸ್ಥೆ ಮೇಡಂಗೆ ಇನ್ನೂ ಹೇಳಿಲ್ಲ. ಇನ್ನು ಎರಡು ವಾರಕ್ಕೆ ಹೇಳುತ್ತೇನೆ, ನೀನು ಬೇಡ ಅಂದರೂ ಹೇಳುತ್ತೇನೆ. ಅಷ್ಟರೊಳಗೆ ಪ್ರಬಂಧ ಅಚ್ಚು ಹಾಕಿದ ಪತ್ರಿಕೆಗೆ ತಪ್ಪಾಗಿದೆ ಅಂತ ನೀನೇ ಬರೆ. ನಿನ್ನ ಹೆಸರಿನಲ್ಲಿ, ನಿನ್ನ ಮಾತಿನಲ್ಲಿ. ನನ್ನ ಫಲಿತಾಂಶವೆಲ್ಲ ನಿನ್ನದೇ ಅಂತ ತಿಳಿದುಕೋ. ನಿನ್ನ ಕೆಲಸ ಕಾಯಂ ಆಗುವ ಹೊತ್ತು ಅನ್ನುವುದು ಮರೆತಿಲ್ಲ. ಅದನ್ನು ನೆನೆಸಿಕೊಂಡೇ ಎರಡು ವಾರ ಕೂತು ಎದ್ದದ್ದು.

ನಿನ್ನ ಮೊಂಡಿ

*

ಏಪ್ರಿಲ್ ೨೨

ದೊರೆ,

ಮತ್ತೆ ತಡ. ಈ ಸಲ ನೆಪವಿದೆ, ಬೀಜ ಹಾಕುತ್ತಿದ್ದೆ.

ಮೇಡಂ ಜೊತೆ ಆದದ್ದನ್ನು ನಿನಗೆ ಪೂರ್ತಿ ಹೇಳಿಯೇ ಇಲ್ಲ. ಅವರು ಬಾಗಿಲು ಹಾಕಿದರು. "ನೋಡಮ್ಮಾ, ಅವನ ಕೆಲಸ ಕಾಯಂ ಆಗ್ಲಿ. ಆಮೇಲೆ ನಿಧಾನಕ್ಕೆ ನೋಡೋಣ. ನಿನ್ನ ಸಂಸಾರಕ್ಕೆ ನೀನೇ ಕೊಳ್ಳಿ ಇಟ್ಕೋತೀಯಾ?" ಅಂದರು.

"ಬೇರೆ ಲ್ಯಾಬಿನವರು ಹೂ ಬರ್ಲಿಲ್ಲ ಅಂತ ಬರೆದಾಗ, ಅವರ ಕೈಗುಣ ಸರಿಯಿಲ್ಲ ಅಂದಿದ್ರಿ ಮೇಡಂ. ಆ ಲ್ಯಾಬಿನ ಹುಡುಗಿ ಇದರ ಹಿಂದೆ ಒಂದು ವರ್ಷ ಕಳ್ಕೊಂಡಳು. ಇನ್ನೂ ಎಷ್ಟು ಜನ ಕಳ್ಕೋಬೇಕು?" ಅಂದೆ. ನನ್ನ ಕೆಲಸ ಹೋದರೂ ಸರಿ, ಬರೆಯದೆ ಇರುವುದಿಲ್ಲ ಅಂದೆ. ಒಂದು ವಾರ ಅವರು ನನ್ನ ಮುಖ ನೋಡಲಿಲ್ಲ.

ಆಮೇಲೆ ಪ್ರಬಂಧ ವಾಪಸ್ ತೆಗೆದುಕೊಳ್ಳುವ ಪತ್ರಕ್ಕೆ ನೀನು ಸಹಿ ಹಾಕಿ ಕಳಿಸಿದೆ. ಅದನ್ನು ನೋಡಿ ಅವರೂ ಹಾಕಿದರು. ಪ್ರಬಂಧ ವಾಪಸ್ಸಾದ ಸುದ್ದಿ ಮೊನ್ನೆ ಅಚ್ಚಾಯಿತು. ನಿನ್ನನ್ನು ಕಾಯಂ ಮಾಡುವುದನ್ನು ಒಂದು ವರ್ಷ ಮುಂದೂಡಿದ್ದಾರೆ ಅಂತ ತಿಳಿದು ನನಗೆ ಅಳು ಬಂತು. ನಿನ್ನಮ್ಮ ಅಳಲಿಲ್ಲ. "ತೆಗೆದಿಲ್ವಲ್ಲ. ಒಂದು ವರ್ಷ ತಲೆ ಎತ್ಕೊಂಡು ದುಡೀಲಿ" ಅಂದರು.

ಈಗ ಮೇಡಂ ಚಹಾದ ಕಪ್ಪು ಹಿಡಿದು ಬೆಂಚಿನ ಹತ್ತಿರ ಬಂದು ನಿಲ್ಲುತ್ತಾರೆ. "ಮುಂದೇನು?" ಅಂತ ಕೇಳುತ್ತಾರೆ. ನಿನ್ನ ಸೀಸೆಯ ಮಿಶ್ರಣದಲ್ಲಿ, ಬರೀ ಆಕ್ಸಿನ್ ಹಚ್ಚಿದ್ದಕ್ಕಿಂತ ಬೇಗ ಮೊಗ್ಗು ಬಂದ ಹಾಗಿತ್ತು. ಇಬ್ಬರೂ ಸೇರಿದರೆ ಏನಾಗುತ್ತದೆ ಅಂತ ಈ ಸಲ ಅಳೆದು ತೂಗಿ ಬೆರೆಸುತ್ತೇನೆ. ಏನಾದರೂ ಇದ್ದರೆ ಇದೆ ಅಂತ ಬರೆಯುತ್ತೇನೆ. ಇಲ್ಲದಿದ್ದರೆ ಇಲ್ಲ ಅಂತಲೇ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಯಾರ ಎದುರಿಗೂ ತಲೆ ತಗ್ಗಿಸಬೇಡ, ತಪ್ಪು ಯಾರ ಕೈಯಲ್ಲಾಗುವುದಿಲ್ಲ? ನಿನ್ನಮ್ಮನ ಆಶೀರ್ವಾದ ಬೇರೆಯಾಗಿ ಕಳಿಸಬೇಕಂತೆ, ಸೊಸೆ ಅರ್ಧ ಇಟ್ಟುಕೊಳ್ಳುತ್ತಾಳೆ ಅಂತ ಅನುಮಾನ. ಪೂರ್ತಿ ಕಳಿಸಿದ್ದೇನೆ. ನಿನಗೆ ಒಳ್ಳೆಯದಾಗಲಿ.

ನಿನ್ನ ಮೊಂಡಿ

ಮರೆತಿದ್ದೆ ಅನ್ನಲಾರೆ, ಬರೆಯಲು ಮನಸ್ಸಾಗಲಿಲ್ಲ: ಮೊದಲಿನ ಕಾಗದ ತಲುಪಿದ ದಿನ ನೀನು ಫೋನ್ ಮಾಡಿದೆಯಲ್ಲ. ಸಿಟ್ಟು ಮಾಡುತ್ತೀಯ, ನಂಬುವುದಿಲ್ಲ ಅನ್ನುತ್ತೀಯ, ಗಿಡ ತೋರಿಸು ಅನ್ನುತ್ತೀಯ ಅಂತೆಲ್ಲ ಅಂದುಕೊಂಡಿದ್ದೆ. ನೀನು ಮೊದಲು ಕೇಳಿದ್ದು, "ಇನ್ಯಾರಿಗೆ ಗೊತ್ತು?" ನಿನ್ನಮ್ಮನಿಗೆ ಮಾತ್ರ ಅಂದೆ. "ಸದ್ಯ" ಅಂದೆ ನೀನು. ಸೀಸೆ ಕಲಬೆರಕೆ ಅಂತ ತಿಳಿದಾಗಲೂ ನನಗೆ ಇಷ್ಟು ನೋವಾಗಿರಲಿಲ್ಲ. ರಜೆಗೆ ಬಾ, ಇದನ್ನು ಎದುರುಬದುರು ಕೂತು ಮಾತಾಡಬೇಕು. ಮಾತಾಡದೆ ನಿನ್ನನ್ನು ಬಿಡುವುದಿಲ್ಲ.