ಪುದೀನಕ್ಕೆ ಹೊಡೆದ ಇರುವೆ ಔಷಧಿ

ಅತ್ತೆ,

ಪುಟ್ಟಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದೇನೆ. ನೀವು ವಾಕಿಂಗಿಗೆ ಹೋದಮೇಲೆ ಬಾಲ್ಕನಿಯ ಪುದೀನ ಕಿತ್ತು ತಿಂದಿದ್ದಾಳೆ. ಎರಡು ಸಲ ವಾಂತಿಯಾಯಿತು. ನಿನ್ನೆ ಸಂಜೆ ನೀವು ಇರುವೆ ಔಷಧಿ ಹೊಡೆದದ್ದು ಅದೇ ಕುಂಡಕ್ಕೆ. ಬೇವಿನೆಣ್ಣೆ ಸಾಕು ಅಂತ ಎಷ್ಟು ಬಡ್ಕೊಂಡೆ! ಔಷಧಿ ಡಬ್ಬಿ ಡಾಕ್ಟರಿಗೆ ತೋರಿಸಲು ಒಯ್ದಿದ್ದೇನೆ, ಹುಡುಕಬೇಡಿ.

ಸಿಂಕಿನಲ್ಲಿರುವ ಸೊಪ್ಪೂ ಅದೇ ಕುಂಡದ್ದು, ಅಡುಗೆಗೆ ಹಾಕಬೇಡಿ. ಗೊಬ್ಬರದ ಬುಟ್ಟಿಗೂ ಬೇಡ, ಎರೆಹುಳು ಸತ್ತುಹೋಗುತ್ತವೆ. ಕವರಿನಲ್ಲಿ ಬಿಗಿಯಾಗಿ ಕಟ್ಟಿಟ್ಟು, ಸೋಪು ಹಾಕಿ ಕೈ ತೊಳೆಯಿರಿ. ಅನ್ನ ಕುಕ್ಕರಿನಲ್ಲಿದೆ. ಊಟ ಬಿಟ್ಟು ಕೂರಬೇಡಿ, ಬಿಪಿ ಮಾತ್ರೆ ತೆಗೆದುಕೊಳ್ಳಬೇಕು.

ಸಿಟ್ಟಿಲ್ಲ ಅಂದರೆ ಸುಳ್ಳಾದೀತು. ಆದರೆ ಚಪ್ಪಲಿ ಹಾಕುವಾಗ ನಿಮ್ಮ ಮೊಮ್ಮಗಳು ಹೇಳಿದಳು, "ಅಜ್ಜಿಗೆ ಹೇಳ್ಬೇಡಮ್ಮ, ಪಾಪ, ಅಳ್ತಾರೆ."

ಹೇಳದೆ ವಿಧಿಯಿರಲಿಲ್ಲ. ಅಳಬೇಡಿ, ಫೋನು ಕೈಯಲ್ಲೇ ಇಟ್ಟುಕೊಂಡಿರಿ.