ನಕ್ಷೆಗೆ ಸೇರಿದ ಬಂಡೆ

ಮನೆಯಿಂದ,
ಮಾರ್ಚ್ ೧೨, ಭಾನುವಾರ ಬೆಳಿಗ್ಗೆ

ಪ್ರೀತಿಯ ಚಿಕ್ಕೂ,

ಹೇಗಿದ್ದೀಯಪ್ಪ? ಕೆಮ್ಮು ಕಡಿಮೆಯಾಯಿತೇ? ಹಡಗಿಗೆ ಬಣ್ಣ ಬಳಿಯುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳುತ್ತೀಯ ತಾನೆ? ಫೋನಿನಲ್ಲಿ ಕೇಳಿದರೆ ‘ಹೂಂ, ಚೆನ್ನಾಗಿದ್ದೀನಿ’ ಅಂತ ಇಟ್ಟುಬಿಡುತ್ತೀಯ, ಅದಕ್ಕೇ ಈ ಕಾಗದ. ಇಲ್ಲಿ ಅಪ್ಪನ ಮಂಡಿನೋವು ವಾಸಿ. ಹಟ ಮಾತ್ರ ವಾಸಿಯಾಗಿಲ್ಲ. ನಿನ್ನ ಮಾತೆತ್ತಿದರೆ ಎದ್ದು ಹೊರಗೆ ಹೋಗುತ್ತಾರೆ.

ನನ್ನ ಮೀನುಗಾರಿಕೆ ಆಫೀಸು ಹಾಗೇ ನಡೆದಿದೆ. ಯಾವ ಮೀನು ಯಾವಾಗ ಮೊಟ್ಟೆಯಿಡುತ್ತದೆ, ಬಲೆಯ ಕಣ್ಣು ಎಷ್ಟು ಅಗಲವಿರಬೇಕು, ಕಡಲನ್ನು ಬರಿದು ಮಾಡದೆ ಬದುಕುವುದು ಹೇಗೆ, ಇಂಥದ್ದನ್ನೆಲ್ಲ ನಮ್ಮ ಜಾಲತಾಣದಲ್ಲಿ ಯಾರು ಬೇಕಾದರೂ ಪುಕ್ಕಟೆ ನೋಡಬಹುದು. ‘ಅಕ್ಕ ಕಾಲು ನೆನೆಸದೇ ಕಡಲು ಉಳಿಸ್ತಾಳೆ’ ಎಂದು ರೇಗಿಸುತ್ತಿದ್ದೆಯಲ್ಲ, ನಾನು ಉಳಿಸಿದ ಚೆಂದ ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು.

ಸುತ್ತಿ ಬಳಸಿ ಸಾಕಾಯಿತು, ಹೇಳಿಬಿಡುತ್ತೇನೆ. ದೋಣಿಯಿಂದ ದಡ ನೋಡಿದರೆ ದೀಪಸ್ತಂಭವೂ ನೀರಿನ ಟ್ಯಾಂಕೂ ಒಂದೇ ಗೆರೆಗೆ ಬರಬೇಕು, ಎಡಕ್ಕೆ ಗುಡ್ಡದ ಸೀಳು ಕಾಣಬೇಕು, ಅಲ್ಲಿ ನೀರಿನ ಕೆಳಗೆ ಬಂಡೆ. ಮೊಟ್ಟೆಯ ತಿಂಗಳುಗಳಲ್ಲಿ ಅಪ್ಪ ಅಲ್ಲಿ ಗಾಳವನ್ನೂ ಇಳಿಸುತ್ತಿರಲಿಲ್ಲ. ತನ್ನ ನಂತರ ಚುಕ್ಕಾಣಿ ಹಿಡಿಯುವವನಿಗೆ ಮಾತ್ರ ಹೇಳುವ ಗುರುತು ಅದು. ನಿನಗೆ ಹೇಳಿದರು. ಅಕ್ಕನ ಮುಂದೆ ನಿನ್ನ ಹೊಟ್ಟೆಯಲ್ಲಿ ಏನೂ ನಿಲ್ಲುವುದಿಲ್ಲವಲ್ಲ, ನೀನು ನನಗೆ ಹೇಳಿದೆ. ನಾನು ಅದನ್ನು ನಮ್ಮ ಜಾಲತಾಣದ ನಕ್ಷೆಗೆ ಸೇರಿಸಿದೆ. ಮೀನು ಮೊಟ್ಟೆಯಿಡುವ ಜಾಗವೆಂದು ತಿಳಿದರೆ ಯಾರೂ ಬಲೆ ಬೀಸಲಾರರು ಎಂದುಕೊಂಡಿದ್ದೆ. ನಿಜ ಹೇಳಬೇಕೆಂದರೆ, ಬೇರೆ ಯಾರಿಗೂ ಗೊತ್ತಿಲ್ಲದ್ದು ನನಗೆ ಗೊತ್ತು ಎಂದು ಮೇಲಧಿಕಾರಿಯ ಮುಂದೆ ತೋರಿಸಿಕೊಳ್ಳುವ ಜಂಬವೂ ಇತ್ತು. ಅಂಥ ಜಾಗಗಳನ್ನು ದೊಡ್ಡದೊಂದು ವೃತ್ತದೊಳಗೆ ಮರೆಮಾಡಿ ತೋರಿಸಬೇಕೆಂಬುದು ನಮ್ಮ ನಿಯಮ. ನಾನು ಮರೆತೆ. ಒಂಬತ್ತು ದಿನ ಕರಾರುವಾಕ್ಕಾದ ಚುಕ್ಕಿ ಎಲ್ಲರಿಗೂ ಕಾಣುತ್ತಿತ್ತು. ಹತ್ತನೆಯ ದಿನ ಎಲ್ಲಿಯವೋ ದೊಡ್ಡ ಬೋಟುಗಳು ನೆಟ್ಟಗೆ ಅಲ್ಲಿಗೇ ಬಂದು, ಹೊಟ್ಟೆಯಲ್ಲಿ ಮೊಟ್ಟೆ ಹೊತ್ತ ಮೀನನ್ನೂ ಬಿಡದೆ ಬಾಚಿಕೊಂಡು ಹೋದವು.

‘ನಾನು ಹೇಳಿದ್ದು ನಿನಗೊಬ್ಬನಿಗೇ’ ಎಂದು ಅಪ್ಪ ನಿನಗೆ ಇನ್ನು ದೋಣಿ ಹತ್ತಬೇಡವೆಂದ ದಿನ ನಾನು ಮನೆಯಲ್ಲಿ ಅಲ್ಲೇ ಬಟ್ಟೆ ಮಡಚುತ್ತಿದ್ದೆ. ನೀನು ಒಂದು ಸಲ ನನ್ನ ಕಡೆ ನೋಡಿ ತಲೆ ತಗ್ಗಿಸಿದೆ. ನಾನು ಇನ್ನೊಂದು ಬಟ್ಟೆ ಎತ್ತಿಕೊಂಡೆ. ಏಳು ತಿಂಗಳಾಯಿತು, ನಿನ್ನನ್ನು ದೂರಿದವರಿಗೆ ದಿನಾ ಅನ್ನ ಬಡಿಸುತ್ತೇನೆ, ಬಾಯಿ ಬಿಡುವುದಿಲ್ಲ. ನನಗೆ ನಾಚಿಕೆಯಾಗುತ್ತದೆ ಕಣೋ, ನೀನಿಲ್ಲದೆ ಧೂಳು ಹಿಡಿಯುವ ನಿನ್ನ ತಟ್ಟೆ ತೊಳೆದಿಡುವುದಕ್ಕೂ ನಾಚಿಕೆ.

ದೊಡ್ಡವಳು ಹರಸಬೇಕು. ಆ ಯೋಗ್ಯತೆ ನನಗೆ ಉಳಿದಿಲ್ಲ. ಹೊತ್ತಿಗೆ ಸರಿಯಾಗಿ ಊಟ ಮಾಡು.

ಇಂತು,
ನಿನ್ನ ಅಕ್ಕ

ತಾ.ಕ.: ಕವರು ಅಂಟಿಸುವ ಮೊದಲು ಇದನ್ನು ಅಪ್ಪನಿಗೆ ಓದಿ ಹೇಳಿದೆ. ‘ನೀನೇ ಅಂತ ಅವನಿಗೆ ಗೊತ್ತಿತ್ತಾ?’ ಎಂದಷ್ಟೇ ಕೇಳಿದರು. ಗೊತ್ತಿತ್ತು ಎಂದೆ. ಎದ್ದು ಹಿತ್ತಲಿಗೆ ಹೋದವರು ಈಗ ಒಳಗೆ ಬಂದು, ‘ಯಾವ ಮುಖ ಇಟ್ಕೊಂಡು ಅವನನ್ನ ಬಾ ಅನ್ಲಿ? ನೀನೇ ಬರಿ’ ಅಂದರು. ನನಗೂ ಆ ಮುಖವಿಲ್ಲ, ಚಿಕ್ಕೂ. ಆದರೂ ಬರೆಯುತ್ತಿದ್ದೇನೆ. ಬಾ.